ಅಪ್ಪನ ಜೊತೆ ಬರುವ ಮಾಮ

ಒಂದು ವಯಸ್ಸು ದಾಟಿದ ಮೇಲೆ ಗಂಡಸಾದವನು ಕೆಲವನ್ನು ಹತ್ತಬಾರದು: ಮರ, ಕಾಂಪೌಂಡು ಗೋಡೆ, ಹೊಗಳುವವರು ತೋರಿಸುವ ಅಟ್ಟ. ಇವುಗಳ ಸಾಲಿಗೆ ಎರಡಂತಸ್ತಿನ ಕಬ್ಬಿಣದ ಮಂಚವೂ ಸೇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿರಲಿಲ್ಲ ಎಂದರೆ ಸುಳ್ಳಾದೀತು. ನನ್ನ ಹೆಂಡತಿ ಹೇಳಿದ್ದಳು.

“ರೀ, ನೀವು ಕೆಳಗೆ ಮಲಗಿ. ಮೇಲಿಂದು ಮಕ್ಕಳಿಗಿರಲಿ.”

“ಯಾಕೆ, ನನಗೇನು ಧಾಡಿ?” ಎಂದು ನಾನು ಏಣಿಗೆ ಕಾಲಿಟ್ಟೆ.

ಧಾಡಿ ಏನೂ ಇರಲಿಲ್ಲ. ಕೊಕ್ಕೆ ಇತ್ತು. ಏಣಿಯನ್ನು ಮಂಚಕ್ಕೆ ಸಿಕ್ಕಿಸಿದ್ದ ದಪ್ಪ ಕಬ್ಬಿಣದ ಕೊಕ್ಕೆ. ಮೇಲೆ ತಲುಪಿ, ಗೆದ್ದವನ ಹಾಗೆ ಹೆಂಡತಿಯ ಕಡೆ ತಿರುಗಲು ಹೋದಾಗ ಬೆನ್ನ ಹಿಂದೆ ನನ್ನ ಬೆಲ್ಟು ಅದಕ್ಕೆ ಸಿಕ್ಕಿಕೊಂಡಿತು, ಕಾಲು ಜಾರಿತು. ನೆಲ ಕಾಲಿಗೆ ಸಿಗದು, ಹಾಸಿಗೆ ಕೈಗೆ ಸಿಗದು. ತ್ರಿಶಂಕುವಿಗಾದರೂ ಸ್ವರ್ಗ ಅಂತ ಒಂದು ವಿಳಾಸವಿತ್ತು. ನಾನು ವಿಳಾಸವಿಲ್ಲದೆ ತೂಗಾಡುತ್ತಿದ್ದೆ.

ಕೆಟ್ಟ ಗಳಿಗೆಗೆ ಯಾವಾಗಲೂ ಪ್ರೇಕ್ಷಕರು ಸಿಗುತ್ತಾರೆ. ಹಾಸ್ಟೆಲಿನ ವಾರ್ಡನ್ ಅಮ್ಮ ಒಗೆದ ಚಾದರಗಳ ಕಟ್ಟು ಹಿಡಿದು ಅದೇ ಹೊತ್ತಿಗೆ ಬಾಗಿಲಿಗೆ ಬಂದರು. ಅವರ ಹಿಂದೆ ಪಕ್ಕದ ಕೋಣೆಗೆ ಬಂದಿದ್ದ ಸಂಸಾರ. ಅದರಲ್ಲೊಂದು ಮಗು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಅಮ್ಮ, ಆ ತಾತನ್ನ ಯಾಕೆ ಒಣಗಾಕಿದಾರೆ?” ಎಂದು ಕೇಳಿತು.

ನನ್ನ ಹೆಂಡತಿ ಸಹಾಯಕ್ಕೆ ಬರಬೇಕಿತ್ತು. ಬಂದಳು ಕೂಡ. ಆದರೆ ನಗು ತಡೆಯಲಾರದೆ ಅರ್ಧದಾರಿಯಲ್ಲೇ ಕೆಳಗಿನ ಮಂಚದ ಮೇಲೆ ಕುಸಿದಳು. ಆಗ ಮುಂದೆ ಬಂದವನು ನನ್ನ ಷಡ್ಡಕ, ಅಂದರೆ ನನ್ನ ನಾದಿನಿಯ ಗಂಡ. ಕೈಯಲ್ಲಿದ್ದ ಚೀಲವನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟ. “ಅಣ್ಣ, ಅಲ್ಲಾಡ್ಬೇಡಿ” ಎಂದ. ಒಂದು ಕೈ ನನ್ನ ಕಂಕುಳಿಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು, ನನ್ನನ್ನು ನೆಟ್ಟಗೆ ನಿಂತ ಭಂಗಿಯಲ್ಲೇ ಮೇಲಕ್ಕೆತ್ತಿ, ಕೊಕ್ಕೆಯಿಂದ ಬಿಡಿಸಿ, ಗೋಡೆಗೆ ಒರಗಿಸಿ ನಿಲ್ಲಿಸಿದ. ನಾನು ಬೀಳುವುದಿಲ್ಲವೆಂದು ಖಾತ್ರಿಯಾಗುವವರೆಗೆ ಎದೆಯ ಮೇಲೆ ಒಂದು ಅಂಗೈ ಇಟ್ಟುಕೊಂಡೇ ಇದ್ದ.

“ಅಭ್ಯಾಸ ಇದೆಯೇನಪ್ಪ ಇದರಲ್ಲಿ?” ಎಂದರು ವಾರ್ಡನ್ ಅಮ್ಮ.

“ಗಾಜು ಸಾಗಿಸ್ತೀನಮ್ಮ. ಅದನ್ನೂ ಹೀಗೇ ನಿಲ್ಲಿಸಿಯೇ ಎತ್ಬೇಕು. ಮಲಗಿಸಿದ್ರೆ ಒಡೆಯತ್ತೆ.”

ನನ್ನನ್ನು ಜೀವಮಾನದಲ್ಲಿ ಅನೇಕರು ಅನೇಕ ವಸ್ತುಗಳಿಗೆ ಹೋಲಿಸಿದ್ದಾರೆ. ಗಾಜಿಗೆ ಹೋಲಿಸಿದ್ದು ಅವನೊಬ್ಬನೇ.

ಅದು ಕಡಿಮೆ ಖರ್ಚಿನ ಕುಟುಂಬ ಹಾಸ್ಟೆಲು. ಹಿಂದೊಮ್ಮೆ ವಿದ್ಯಾರ್ಥಿಗಳಿದ್ದ ಕಟ್ಟಡ. ಗೋಡೆಗಳ ಮೇಲೆ ಅವರು ಕೆತ್ತಿದ ಹೆಸರುಗಳನ್ನು ಎಷ್ಟು ಸಲ ಸುಣ್ಣ ಬಳಿದರೂ ಮುಚ್ಚಲಾಗಿರಲಿಲ್ಲ. ನಮ್ಮ ಕೋಣೆಯಲ್ಲಿ ಮೂರು ಜೋಡಿಮಂಚ, ಒಂದು ಕಿಟಕಿ. ಕಿಟಕಿಯಾಚೆ ಸಿಮೆಂಟಿನ ಅಂಗಳ, ಅದರ ತುದಿಗೆ ಗೇಟು, ಗೇಟಿನ ಒಳಗೆ ವಾಹನಗಳ ವೇಗ ತಗ್ಗಿಸಲು ಒಂದು ಉಬ್ಬು. ಬಚ್ಚಲುಮನೆಯಲ್ಲಿ ಸಾಲಾಗಿ ಕೈತೊಳೆಯುವ ತೊಟ್ಟಿಗಳು. ಕೊನೆಯದನ್ನು ಮಕ್ಕಳಿಗೆಂದು ಮಂಡಿಯೆತ್ತರಕ್ಕೆ ಕೂರಿಸಿದ್ದರು. ಅಡುಗೆಮನೆ ಎಲ್ಲರಿಗೂ ಒಂದೇ. ಹಾಸಿಗೆ ನೀವೇ ಹಾಸಿಕೊಳ್ಳಬೇಕು, ತಟ್ಟೆ ನೀವೇ ತೊಳೆಯಬೇಕು, ಹೊರಡುವಾಗ ಚಾದರ ಬಿಚ್ಚಿ ಬುಟ್ಟಿಗೆ ನೀವೇ ಹಾಕಬೇಕು. “ಮನೆಗೆಲಸವನ್ನು ಬೇರೆ ಊರಿಗೆ ಹೋಗಿ ಮಾಡೋದಕ್ಕೆ ರಜೆ ಅಂತ ಹೆಸರು” ಎಂದೆ ನಾನು. “ಮನೇಲಿ ಯಾವತ್ತು ಮಾಡಿದ್ರಿ, ಇಲ್ಲಿ ಗೊತ್ತಾಗೋಕೆ?” ಎಂದಳು ಹೆಂಡತಿ. ರಜೆಯ ಮೊದಲ ಸುತ್ತಿನಲ್ಲೇ ನಾನು ಎರಡು ಸಲ ನೆಲ ಕಚ್ಚಿದ್ದೆ.

ನಾವು ಆರು ಜನ. ನಾನು, ನನ್ನ ಹೆಂಡತಿ, ನಮ್ಮ ಎಂಟು ವರ್ಷದ ಮಗಳು. ಇವಳಿಗೆ ಮನೆಯಲ್ಲಿ ಹೆಡ್‌ಮಿಸ್ ಎಂದು ಹೆಸರು. ಹುಟ್ಟುವಾಗಲೇ ಡಾಕ್ಟರನ್ನು ಸಾಲಿನಲ್ಲಿ ನಿಲ್ಲಿಸಿದಳೆಂದು ನಮ್ಮಲ್ಲಿ ಪ್ರತೀತಿ. ಆ ಕಡೆ ನನ್ನ ನಾದಿನಿ, ನನ್ನ ಷಡ್ಡಕ, ಅವರ ಮೂರು ವರ್ಷದ ಮಗಳು. ಗಾತ್ರದಲ್ಲಿ ಕಾಳು, ಖಾರದಲ್ಲಿ ಮೂಟೆ. ಆದ್ದರಿಂದ ಅವಳು ಎಲ್ಲರ ಬಾಯಲ್ಲೂ ಮೆಣಸು.

ನಾವು ಚೀಲ ಬಿಚ್ಚುವಷ್ಟರಲ್ಲಿ ಷಡ್ಡಕ ಕೋಣೆಯ ಚೂಪು ಮೂಲೆಗಳನ್ನೆಲ್ಲ ಹುಡುಕಿ ಕಾಲುಚೀಲ ತೊಡಿಸುತ್ತಿದ್ದ. ಮಂಚದ ಮೂಲೆಗೊಂದು, ಮೇಜಿನ ಮೂಲೆಗೊಂದು. ಕಾಲುಚೀಲ ಸುತ್ತಿ, ಮೇಲೆ ರಬ್ಬರ್ ಬ್ಯಾಂಡು. ಅವನವು ಮುಗಿದ ಮೇಲೆ ನನ್ನವಕ್ಕೂ ಕೈ ಹಾಕಿದ. ಸ್ವಲ್ಪ ಹೊತ್ತಿನಲ್ಲಿ ಆ ಕೋಣೆಯ ಪೀಠೋಪಕರಣಗಳೆಲ್ಲ ಬೆಚ್ಚಗಿದ್ದವು, ನಾನೊಬ್ಬ ಬರಿಗಾಲಲ್ಲಿದ್ದೆ.

ಅವನಿರುವುದೇ ಹಾಗೆ. ಹುಡುಗನಾಗಿದ್ದಾಗ ಗಾಜಿನ ಕಾರ್ಖಾನೆಯಲ್ಲಿ ಹಾಳೆ ಎತ್ತುವ ಕೆಲಸಕ್ಕೆ ಸೇರಿದವನು, ಆಮೇಲೆ ಗಾಜಿನ ಲಾರಿಯ ಚಾಲಕನಾದ. ಬೇರೆ ಚಾಲಕರು ಎಷ್ಟು ಬೇಗ ತಲುಪಿದೆವೆಂದು ಜಂಬ ಕೊಚ್ಚುತ್ತಾರೆ. ಇವನು ತಲುಪಿದಾಗ ಏನೂ ಆಗಿರಬಾರದು, ಅದೇ ಇವನ ಕಸುಬು. ಏನೂ ಆಗಲಿಲ್ಲ ಎಂದು ಜಂಬ ಕೊಚ್ಚುವುದು ಹೇಗೆ? ಅದಕ್ಕೇ ಅವನಿಗೆ ಮಾತು ಕಡಿಮೆ. ಬಾಗಿಲು ಮುಚ್ಚಿದರೆ ಮುಚ್ಚಿದ್ದು ಗೊತ್ತಾಗುವುದಿಲ್ಲ. ಲೋಟ ಮೇಜಿಗಿಡುವಾಗ ಮೊದಲು ಕಿರುಬೆರಳಿಟ್ಟು, ಅದರ ಮೇಲೆ ಲೋಟವಿಟ್ಟು, ಬೆರಳು ಎಳೆದುಕೊಳ್ಳುತ್ತಾನೆ. ನನ್ನ ಮಾವನವರು ಬದುಕಿದ್ದಾಗ, “ಈ ಅಳಿಯ ಮನೇಲಿದಾನೋ ಇಲ್ವೋ ತಿಳ್ಕೊಳ್ಳೋಕೆ ಎದ್ದು ಹೋಗಿ ನೋಡ್ಬೇಕು. ಆ ಅಳಿಯ ಮನೇಲಿಲ್ಲ ಅನ್ನೋದು ನೆಮ್ಮದಿ ಆದ ತಕ್ಷಣ ಗೊತ್ತಾಗತ್ತೆ” ಎನ್ನುತ್ತಿದ್ದರು. ಆ ಅಳಿಯ ಎಂದರೆ ನಾನು.

ಮದುವೆಯೂ ಗಾಜಿನಿಂದಲೇ ಆದದ್ದು. ನಾದಿನಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಂಗಡಿಯ ಮುಂಭಾಗದ ಗಾಜು ಒಡೆದಾಗ ಹೊಸದನ್ನು ತಂದವನು ಇವನು. ತಂದು ಕೂರಿಸಿ ಹೋದ. ಮರುವಾರ ಬಂದು, “ಗಾಜು ಚೆನ್ನಾಗಿದೆಯಾ?” ಎಂದು ಕೇಳಿದ. ಚೆನ್ನಾಗಿತ್ತು. ಅದರ ಮರುವಾರವೂ ಕೇಳಿದ. ಒಂದಿಡೀ ವರ್ಷ ಆ ಗಾಜಿನ ಕ್ಷೇಮ ವಿಚಾರಿಸಿದ ಮೇಲೆ ಇವಳೇ ಬೇಸತ್ತು, “ಗಾಜು ಚೆನ್ನಾಗಿದೆ, ನಾನೂ ಚೆನ್ನಾಗಿದೀನಿ, ಮುಂದೇನು ಹೇಳಿ” ಎಂದಳಂತೆ.

ಆ ಮೊದಲ ಸಂಜೆ ಊಟದ ಹಾಲಿನಲ್ಲಿ ಉದ್ದ ಬೆಂಚಿನ ಮೇಲೆ ಕೂತು ನಾವು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದೆವು. ಷಡ್ಡಕ ಮೊಟ್ಟೆಯ ಸಿಪ್ಪೆಯನ್ನು ಒಂದೇ ತುಂಡಾಗಿ ಸುಲಿದು ಮಗಳ ತಟ್ಟೆಗಿಟ್ಟ. ಮೆಣಸು, “ಥ್ಯಾಂಕ್ಸ್ ಮಾಮ” ಎಂದು ಒಂದು ತುತ್ತು ಕಚ್ಚಿ, ಬೆಂಚಿನ ಮೇಲೆ ಎದ್ದು ನಿಂತು, ಕಿಟಕಿಯಾಚೆ ಇಣುಕಿದಳು.

“ಅಮ್ಮ, ಅಪ್ಪ ಎಲ್ಲಿ?”

“ಇಲ್ಲೇ ಇದಾರಲ್ಲ ಚಿನ್ನ, ನಿನ್ನ ಪಕ್ಕದಲ್ಲೇ” ಎಂದಳು ನಾದಿನಿ.

ಮೆಣಸು ಪಕ್ಕದಲ್ಲಿದ್ದವನನ್ನು ನೋಡಿದಳು. ಅಮ್ಮನ ಅಜ್ಞಾನಕ್ಕೆ ಮರುಗಿದವಳಂತೆ ತಲೆಯಾಡಿಸಿದಳು. “ಇದು ಮಾಮ. ಅಪ್ಪನ ಜೊತೆ ಬರೋ ಮಾಮ.” ಆಮೇಲೆ ಎರಡೂ ಕೈ ಅಗಲಿಸಿ, “ಅಪ್ಪ ಇಷ್ಟು ದೊಡ್ಡದು. ನೀಲಿ ಇದೆ. ದೀಪ ಇದೆ” ಎಂದಳು.

ನನ್ನ ಹೆಂಡತಿ ನಗಲು ಬಾಯಿ ತೆರೆದಳು. ತಂಗಿಯ ಮುಖ ನೋಡಿ ಮುಚ್ಚಿದಳು.

ಇದರಲ್ಲಿ ಮಗುವಿನ ತಪ್ಪೇನೂ ಇರಲಿಲ್ಲ. ಷಡ್ಡಕ ದೂರದ ಊರುಗಳಿಗೆ ಸರಕಿನ ಓಟ ಹೋಗುವವನು; ಮನೆಗೆ ಬರುವುದು ಅಪರೂಪ, ಬಂದರೂ ಅವಳು ಮಲಗಿದ ಮೇಲೆ, ಹೊರಡುವುದು ಏಳುವ ಮೊದಲು. ಹಗಲಿನಲ್ಲಿ ಬೀದಿ ದಾಟಿ ಹೋಗುವಾಗ ಎರಡು ಸಲ ಮೆತ್ತಗೆ ಹಾರ್ನ್ ಮಾಡುತ್ತಾನೆ. ನಾದಿನಿ ಮಗುವನ್ನೆತ್ತಿಕೊಂಡು ಬಾಲ್ಕನಿಗೆ ಓಡುತ್ತಾಳೆ. “ನೋಡು, ಅಪ್ಪ ಬಂತು! ಅಪ್ಪಂಗೆ ಟಾಟಾ ಮಾಡು!” ಮಗು ನೋಡುತ್ತದೆ. ನೋಡಿದರೆ ಬೀದಿ ತುಂಬ ನೀಲಿ ಲಾರಿ, ಎರಡು ದೊಡ್ಡ ದೀಪದ ಕಣ್ಣು. ದೀಪಗಳಿಗೆ ಟಾಟಾ ಮಾಡುತ್ತದೆ. ದೀಪಗಳು ಮಿಣಿಮಿಣಿ ಎಂದು ಉತ್ತರವನ್ನೂ ಕೊಡುತ್ತವೆ. ಯಾವ ತಂದೆ ಇದಕ್ಕಿಂತ ಚೆನ್ನಾಗಿ ಸ್ಪಂದಿಸಿಯಾನು?

ಲಾರಿಯನ್ನು ಹತ್ತಿರದಿಂದ ತೋರಿಸಿದ್ದರೆ ವಿಷಯ ತಿಳಿಯುತ್ತಿತ್ತು. ಆದರೆ ಅದಕ್ಕೆ ಷಡ್ಡಕನೇ ಅಡ್ಡ. ಗಾಜಿನ ಲಾರಿಯಲ್ಲಿ ಕಣ್ಣಿಗೆ ಕಾಣದ ಚೂರುಗಳಿರುತ್ತವೆ, ಮಗು ಹತ್ತಿರ ಬರಕೂಡದು, ಕ್ಯಾಬಿನ್ನಿಗಂತೂ ಹತ್ತಲೇಕೂಡದು. ಮನೆಗೆ ಬಂದರೂ ಬಾಗಿಲಾಚೆಯೇ ಬಟ್ಟೆ ಕೊಡವಿ, ಕೈ ತೊಳೆದು, ಮತ್ತೊಮ್ಮೆ ತೊಳೆದು, ಆಮೇಲೆ ಒಳಗೆ. ಜೋಪಾನ, ಜೋಪಾನ ಎನ್ನುತ್ತ ಜೋಪಾನವಾಗಿ ಅವನು ಮಗಳಿಗೆ ಅಪರಿಚಿತನಾಗಿದ್ದ. ಈಗ ಲಾರಿ ಬಣ್ಣಕ್ಕೆಂದು ವರ್ಕ್‌ಶಾಪ್ ಸೇರಿತ್ತು. ಅದರಿಂದಾಗಿಯೇ ಅವನಿಗೆ ಈ ರಜೆ.

ಮರುದಿನ ಬೆಳಿಗ್ಗೆ ನಮ್ಮ ಹೆಡ್‌ಮಿಸ್ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಳು. ಚಿಕ್ಕಪ್ಪನನ್ನು ಗೋಡೆಗೆ ನಿಲ್ಲಿಸಿ, ಹಲ್ಲುಜ್ಜುವ ಬ್ರಷ್ಷನ್ನೇ ಬೆತ್ತ ಮಾಡಿಕೊಂಡು ಪಾಠ ಶುರುಮಾಡಿದಳು.

“ಇವರು ಯಾರು?”

“ಮಾಮ.”

“ತಪ್ಪು. ಇವರು ನಿನ್ನ ಅಪ್ಪ. ಹೇಳು, ಅಪ್ಪ.”

“ಅಪ್ಪ” ಎಂದಳು ಮೆಣಸು, ಬ್ರಷ್ಷನ್ನೇ ನೋಡುತ್ತ.

“ಗುಡ್. ಈಗ ಹೇಳು, ಇವರು ಯಾರು?”

“ಮಾಮ.”

“ಸೊನ್ನೆ! ಚಿಕ್ಕಪ್ಪ, ನೀವೂ ಸ್ವಲ್ಪ ಅಪ್ಪನ ಥರ ನಿಂತ್ಕೊಳ್ಳಿ. ನಗ್ಬೇಡಿ. ನಿಮ್ಮಿಂದ ಅವಳ ಮಾರ್ಕ್ಸ್ ಹೋಗ್ತಾ ಇದೆ.”

ಅಪ್ಪನ ಥರ ನಿಲ್ಲುವುದು ಹೇಗೆಂದು ತಿಳಿಯದೆ ಅವನು ನನ್ನ ಕಡೆ ನೋಡಿದ. ನನಗೆ ಒಂದು ಉಪಾಯ ಹೊಳೆಯಿತು. ನನಗೆ ಉಪಾಯ ಹೊಳೆದಾಗಲೆಲ್ಲ ನನ್ನ ಹೆಂಡತಿ ಎದ್ದು ದೂರದ ಕುರ್ಚಿಗೆ ಹೋಗುತ್ತಾಳೆ. ಈಗಲೂ ಹೋದಳು.

ಉಪಾಯ ಸರಳ. ಹಾಸ್ಟೆಲಿನ ನೀಲಿ ಚಾದರವನ್ನು ಷಡ್ಡಕ ಹೊದ್ದುಕೊಂಡು ನಾಲ್ಕು ಕಾಲಿನಲ್ಲಿ ನಿಲ್ಲುವುದು. ಮುಂದೆ ದೀಪಗಳಾಗಿ ಎರಡು ಸ್ಟೀಲು ಬಟ್ಟಲು. ಬಾಯಲ್ಲಿ ಲಾರಿಯ ಸದ್ದು. ಮಗು ಅಪ್ಪ ಬಂತೆಂದು ಹತ್ತಿರ ಬರುತ್ತದೆ. ಆಗ ಚಾದರ ಸರಿಸಿ ಒಳಗಿರುವವನನ್ನು ತೋರಿಸುವುದು. ಲಾರಿಯೇ ಮನುಷ್ಯ, ಮನುಷ್ಯನೇ ಲಾರಿ. ಅದ್ವೈತ.

ಪಾಪ, ನಾನು ಹಿರಿಯನೆಂದು ಅವನು ಒಪ್ಪಿಕೊಂಡ. ಚಾದರದೊಳಗಿಂದ ಗುರ್ ಎಂದ. ಪಕ್ಕದ ಕೋಣೆಯ ಮಕ್ಕಳೂ ಬಂದು ನೋಡಿದವು. ಮೆಣಸು ಗಂಭೀರವಾಗಿ ಒಂದು ಸುತ್ತು ಬಂದು, ಬಗ್ಗಿ, ಚಾದರದ ಅಂಚೆತ್ತಿ ಒಳಗೆ ನೋಡಿದಳು.

“ಮಾಮ, ಚಳಿ ಆಗ್ತಿದ್ಯಾ?”

ಓಡಿಹೋಗಿ ತನ್ನ ಪುಟ್ಟ ಟವಲ್ಲು ತಂದು ಅದನ್ನೂ ಅವನ ಬೆನ್ನ ಮೇಲೆ ಹೊದಿಸಿದಳು. ಅವನು ಬಹಳ ಹೊತ್ತು ಚಾದರದಿಂದ ಹೊರಗೆ ಬರಲಿಲ್ಲ. ನಾನು ಬಟ್ಟಲುಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ. ಉಪಾಯಗಾರನಿಗೆ ಪಾತ್ರೆ ತೊಳೆಯುವುದೊಂದು ಸುರಕ್ಷಿತ ಸ್ಥಳ.

ಆ ಮಧ್ಯಾಹ್ನ ನಾನೂ ಷಡ್ಡಕನೂ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತಿದ್ದೆವು. ನಾನು ತೊಳೆಯುತ್ತಿದ್ದೆ. ಅವನು ಒರೆಸುತ್ತಿದ್ದ, ಒರೆಸಿದ ಪ್ರತಿ ಗಾಜಿನ ಲೋಟವನ್ನೂ ಬೆಳಕಿಗೆ ಹಿಡಿದು ಒಮ್ಮೆ ನೋಡುತ್ತಿದ್ದ.

“ಬೇಜಾರಾಗಲ್ವೇನಯ್ಯ?” ಎಂದೆ.

“ಆಗತ್ತಣ್ಣ.” ಇನ್ನೊಂದು ಲೋಟ ಒರೆಸಿದ. “ಅವಳು ನನ್ನ ಜೊತೆ ಚೆನ್ನಾಗೇ ಇದಾಳೆ. ಏನು ಕೊಟ್ರೂ ಥ್ಯಾಂಕ್ಸ್ ಅಂತಾಳೆ. ಅಪ್ಪಂಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?”

ನನ್ನ ಮಗಳು ನನಗೆ ಇದುವರೆಗೆ ಹೇಳಿದ್ದನ್ನೆಲ್ಲ ನೆನೆದುಕೊಂಡೆ. ಅವನ ಮಾತು ನಿಜವಾಗಿತ್ತು.

“ಇಲ್ಲಿಂದ ಹೋದ್ಮೇಲೆ ದೊಡ್ಡ ಓಟ ಇದೆ. ಹೋದ್ರೆ ಚಳಿಗಾಲ ಮುಗಿಯೋವರೆಗೂ ಬರೋಕಾಗಲ್ಲ. ಅಷ್ಟೊತ್ತಿಗೆ ಅವಳು ನನ್ನ ಇನ್ನೂ ಮರೆತಿರ್ತಾಳೆ. ಹೋಗೋ ಮುಂಚೆ ಒಂದ್ಸಲ ನನ್ನ ಮುಖ ನೋಡಿ ಅಪ್ಪ ಅಂದ್ಬಿಟ್ರೆ ಸಾಕಣ್ಣ. ಒಂದೇ ಸಲ.”

“ಹಾಗಾದ್ರೆ ನೀನೂ ಸ್ವಲ್ಪ ಮುಂದೆ ಬೀಳ್ಬೇಕಪ್ಪ. ಎತ್ಕೋ, ಮುದ್ದು ಮಾಡು, ನಾನೇ ಕಣೇ ನಿನ್ನಪ್ಪ ಅಂತ ಗಟ್ಟಿಯಾಗಿ ಹೇಳು.”

“ಗಾಜನ್ನ ತಳ್ಳಬಾರದಣ್ಣ. ಚೌಕಟ್ಟನ್ನ ಸ್ವಲ್ಪ ಓರೆಯಾಗಿ ಇಟ್ಟು ಕಾಯ್ಬೇಕು. ಅದೇ ಬಂದು ಒರಗತ್ತೆ.”

“ಒರಗದಿದ್ರೆ?”

“ಬೀಳತ್ತೆ” ಎಂದ, ಲೋಟವನ್ನು ಬೆರಳ ಮೇಲೆ ಇಳಿಸುತ್ತ.

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಲಾರಿಯ ಮಾಲೀಕ. ಬಣ್ಣ ಬೇಗ ಮುಗಿಯಿತಂತೆ, ಸರಕೂ ಬೇಗ ಸಿದ್ಧವಾಯಿತಂತೆ. ಬೆಳಿಗ್ಗೆ ಇನ್ನೊಬ್ಬ ಚಾಲಕ ಲಾರಿಯನ್ನು ನೇರವಾಗಿ ಹಾಸ್ಟೆಲಿಗೇ ತಂದುಬಿಡುತ್ತಾನಂತೆ, ಇವನು ಅಲ್ಲಿಂದಲೇ ಹೊರಡಬೇಕಂತೆ. “ಹೂಂ” ಎಂದ. “ಸರಿ” ಎಂದ. ಫೋನನ್ನು ಮೇಜಿಗಿಟ್ಟ, ಅದೂ ಸದ್ದು ಮಾಡಲಿಲ್ಲ.

ಸುದ್ದಿ ಕೇಳಿ ಸದ್ದು ಮಾಡಿದವಳು ನಾದಿನಿ. “ಲಾರಿಗೆ ಸಿಗೋ ಅಷ್ಟು ರಜೆನೂ ನಿಮಗೆ ಸಿಗಲ್ವಾ? ಅದಕ್ಕಾದ್ರೆ ಬಣ್ಣ ಬಳೀತಾರೆ, ಎಣ್ಣೆ ಹಾಕ್ತಾರೆ. ನಿಮಗೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಣಗಿದ ಬಟ್ಟೆ ಮಡಚಲು ಕೂತಳು. ಅವಳು ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅವನು ಎದುರು ಕೂತು ತೋಳುಗಳ ತುದಿ ಹಿಡಿದುಕೊಟ್ಟ.

ಬೆಳಿಗ್ಗೆ ನಾವು ತಿಂಡಿ ಮುಗಿಸುವ ಹೊತ್ತಿಗೆ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಉದ್ದಕ್ಕೆ, ಕಿವಿ ಹರಿಯುವ ಹಾಗೆ. ಮೆಣಸು ಕಿಟಕಿಗೆ ಜಿಗಿದಳು. ಗೇಟಿನಾಚೆ ನೀಲಿ ಕಂಡಿತು.

“ಅಪ್ಪ ಬಂತು!”

ಮೆಟ್ಟಿಲಿಳಿದು ಓಡಿದಳು. ಹಿಂದೆ ನಾದಿನಿ, ಅವಳ ಹಿಂದೆ ಷಡ್ಡಕ, ಕೊನೆಗೆ ಏದುಸಿರು ಬಿಡುತ್ತ ನಾನು. ನಾವು ಅಂಗಳ ತಲುಪುವಾಗ ಲಾರಿ ಗೇಟು ದಾಟುತ್ತಿತ್ತು. ತಂದವನು ಅವಸರದ ಮನುಷ್ಯ. ಉಬ್ಬಿನ ಮೇಲೆ ಧಡಕ್ಕನೆ ಹತ್ತಿಸಿ ಧಡಲ್ಲನೆ ಇಳಿಸಿದ. ಗಾಜು ನಿಲ್ಲಿಸುವ ಖಾಲಿ ಚೌಕಟ್ಟುಗಳೆಲ್ಲ ಗಲಗಲ ಬಡಿದುಕೊಂಡವು. ಬ್ರೇಕು ಕಿರುಚಿತು. ಲಾರಿ ಮೂಗು ಕುಕ್ಕಿ ನಿಂತಿತು.

ಮೆಣಸೂ ನಿಂತಳು. ಮುಂದೆ ಚಾಚಿದ್ದ ಕೈ ಹಾಗೇ ಇತ್ತು. ಒಂದು ಹೆಜ್ಜೆ ಹಿಂದೆ ಬಂದಳು, ಇನ್ನೊಂದು ಹೆಜ್ಜೆ. ಹಿಂದೆ ಯಾರದೋ ಕಾಲು ಸಿಕ್ಕಿತು, ಅದನ್ನು ತಬ್ಬಿದಳು. ಅದು ಷಡ್ಡಕನ ಕಾಲು.

“ಮಾಮ, ಅಪ್ಪ ಯಾಕೆ ಹಂಗೆ ಕಿರುಚ್ತು?”

ಅವಸರದ ಚಾಲಕ ಬಾಗಿಲು ಬಡಿದು ಕೆಳಗೆ ಹಾರಿದ. “ತಗೊಳ್ಳಪ್ಪ ನಿನ್ನ ರಥ. ನಿನ್ನ ಗಾಡಿ ಬಿಡು, ಗೇರ್ ಬೆಣ್ಣೆ ಇದ್ದಂಗಿದೆ” ಎಂದು ಕೀಲಿಕೈ ಎಸೆದು, ಚಹಾ ಹುಡುಕಿಕೊಂಡು ಒಳಗೆ ಹೋದ. ಮೆಣಸು ಅವನು ಹೋದ ದಿಕ್ಕನ್ನೂ ಲಾರಿಯ ದೀಪಗಳನ್ನೂ ಸರದಿಯಲ್ಲಿ ನೋಡಿದಳು. ದೀಪಗಳು ಮಿಣುಕಲಿಲ್ಲ.

“ಇದು ಅಪ್ಪ ಅಲ್ಲ” ಎಂದಳು. ತುಟಿ ನಡುಗುತ್ತಿತ್ತು. “ಅಪ್ಪ ಎಲ್ಲಿ ಹೋಯ್ತು?”

ಷಡ್ಡಕ ಮಂಡಿಯೂರಿ ಕೂತ. ನಾನಾಗಿದ್ದರೆ ಅಲ್ಲೇ ಒಂದು ಭಾಷಣ ಬಿಗಿಯುತ್ತಿದ್ದೆ. ಅವನು ಲಾರಿಯನ್ನು ನೋಡಿದ. ಹೊಸದಾಗಿ ತೊಳೆದು ಬಣ್ಣ ಹಚ್ಚಿದ ಲಾರಿ, ಇನ್ನೂ ಒಂದು ಹಾಳೆ ಗಾಜೂ ಏರಿರಲಿಲ್ಲ. ಕ್ಯಾಬಿನ್ನು ಹತ್ತಿ, ಆಸನವನ್ನು ಅಂಗೈಯಿಂದ ಒರೆಸಿದ, ಅಂಗೈ ನೋಡಿಕೊಂಡ. ಮತ್ತೆ ಒರೆಸಿದ, ಮತ್ತೆ ನೋಡಿಕೊಂಡ. ನಾದಿನಿ ಕೆಳಗಿನಿಂದ, “ಸಾಕು, ಚೂರಿಲ್ಲ” ಎಂದಳು. ಅವನು ಇಳಿದು ಬಂದು, ಮಗಳನ್ನು ನೆಟ್ಟಗೆ ನಿಂತ ಭಂಗಿಯಲ್ಲೇ ಎತ್ತಿ, ಅದುವರೆಗೆ ಅವಳು ಕಾಣದಿದ್ದ ಕ್ಯಾಬಿನ್ನಿನೊಳಗೆ ಇಳಿಸಿದ.

“ಬಾ, ಅಪ್ಪ ಎಲ್ಲಿದೆ ನೋಡೋಣ” ಎಂದ.

ಅವನ ಪಕ್ಕ ಮೆಣಸು, ಅವಳನ್ನು ಹಿಡಿದುಕೊಂಡು ನಾದಿನಿ, ಕಿಟಕಿಯ ಕಡೆ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ. “ಅಣ್ಣ, ಬೆಲ್ಟ್ ನೋಡ್ಕೊಂಡು ಹತ್ತಿ” ಎಂದದ್ದನ್ನೇ ಆಹ್ವಾನವೆಂದು ತಿಳಿದುಕೊಂಡೆ.

ಅವನು ಕೀಲಿ ತಿರುಗಿಸಿದ. ಲಾರಿ ಗಂಟಲು ಸರಿಪಡಿಸಿಕೊಂಡು ಮೆಲ್ಲಗೆ ಗುನುಗತೊಡಗಿತು. ಮೆಣಸು ಕಿವಿ ನಿಮಿರಿಸಿದಳು. ಹಾರ್ನನ್ನು ಎರಡು ಸಲ ಮೆತ್ತಗೆ ಒತ್ತಿದ. ಮೆಣಸು ಬೆಚ್ಚಿ ಮುಂದಿನ ಗಾಜಿನಾಚೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಸದ್ದು ಬಂದದ್ದು ಮಾಮನ ಕೈಯಡಿಯಿಂದ. ಲಾರಿ ಚಲಿಸಿತು. ಅಂಗಳ ಸುತ್ತಿ ಅದೇ ಉಬ್ಬಿನ ಹತ್ತಿರ ಬಂದೆವು. ನಾನು ಭದ್ರವಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಉಬ್ಬು ಹಿಂದೆ ಇತ್ತು. ಯಾವಾಗ ದಾಟಿತೋ ತಿಳಿಯಲಿಲ್ಲ.

ಮೆಣಸು ತನ್ನ ಕೈಯನ್ನು ಗೇರಿನ ಮೇಲಿದ್ದ ಅವನ ಕೈ ಮೇಲಿಟ್ಟಳು. ಅವನು ಗೇರು ಬದಲಿಸಿದ. ಅವಳ ಕೈಯೂ ಅದರ ಜೊತೆ ಸರಿಯಿತು, ಲಾರಿಯ ದನಿ ಬದಲಾಯಿತು. ಅವಳು ಕೈ ತೆಗೆದು ನೋಡಿಕೊಂಡಳು.

“ಮತ್ತೆ ಮಾಡು.”

ಮತ್ತೆ ಮಾಡಿದ. ಲಾರಿ ಮತ್ತೆ ದನಿ ಬದಲಿಸಿತು. ಹೊರಗೆ ಅಂಗಳದಲ್ಲಿ ಹೆಡ್‌ಮಿಸ್ ನಮಗೆಲ್ಲ ದಾರಿ ಬಿಡಿಸುತ್ತ ಪಕ್ಕದ ಕೋಣೆಯ ಸಂಸಾರವನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದಳು. ಮೆಣಸು ಅದ್ಯಾವುದನ್ನೂ ನೋಡುತ್ತಿರಲಿಲ್ಲ. ಚಕ್ರ ತಿರುಗಿಸುವ ಕೈ ನೋಡಿದಳು, ಕೈಯಿಂದ ತೋಳು, ತೋಳಿನಿಂದ ಮೇಲೆ ಮೀಸೆ, ಮೀಸೆಯ ಮೇಲೆ ಕಣ್ಣು. ತುಂಬ ಹೊತ್ತು ನೋಡಿದಳು. ಆಮೇಲೆ ಯಾವ ಆತುರವೂ ಇಲ್ಲದೆ ಪಕ್ಕಕ್ಕೆ ವಾಲಿ, ಅವನ ಪಕ್ಕೆಗೆ ತಲೆ ಆನಿಸಿದಳು.

“ಅಮ್ಮ, ಅಪ್ಪ ಸಿಕ್ತು.”

“ಎಲ್ಲಿ ಚಿನ್ನ?” ಎಂದಳು ನಾದಿನಿ.

“ಒಳಗಿತ್ತು” ಎಂದಳು ಮೆಣಸು, ಅವನ ಹೊಟ್ಟೆಗೆ ಬೆರಳಿನಿಂದ ತಿವಿಯುತ್ತ. ತಲೆಯೆತ್ತಿ ಅವನ ಮುಖ ನೋಡಿದಳು. “ಅಲ್ವಾ ಅಪ್ಪ?”

ಲಾರಿ ನಿಂತಿತು. ನಿಂತದ್ದು ಯಾರಿಗೂ ತಿಳಿಯದ ಹಾಗೆ ನಿಂತಿತು. ಅವನು ಕಿಟಕಿಯಿಂದ ತೋಳು ಚಾಚಿ, ನಿನ್ನೆಯಷ್ಟೇ ವರ್ಕ್‌ಶಾಪಿನವರು ತಿಕ್ಕಿ ತೊಳೆದಿದ್ದ ಕನ್ನಡಿಯನ್ನು ಅಂಗಿಯ ತುದಿಯಿಂದ ಒರೆಸತೊಡಗಿದ. ಬಹಳ ಹೊತ್ತು ಒರೆಸಿದ. ನಾನು ನನ್ನ ಕಡೆಯ ಕನ್ನಡಿ ಒರೆಸಿದೆ. ಇಬ್ಬರು ಗಂಡಸರು ಒಂದೇ ಲಾರಿಯ ಎರಡು ಕನ್ನಡಿ ಒರೆಸುತ್ತಿರುವಾಗ ನಾದಿನಿ 'ಇವರಿಗೇನು ಬಂತು?' ಎಂಬಂತೆ ಆ ಕಡೆ ಈ ಕಡೆ ನೋಡಿ, ತಾನೊಬ್ಬಳೇ ನೇರವಾಗಿ ಅತ್ತಳು.

ಹೊರಡುವ ಮೊದಲು ಅವನು ನಿಯಮದಂತೆ ತನ್ನ ಚಾದರ ಬಿಚ್ಚಿ ಬುಟ್ಟಿಗೆ ಹಾಕಿದ, ಮೂಲೆಗಳ ಕಾಲುಚೀಲ ಬಿಚ್ಚಿದ. ಮೆಣಸು ಕೆಳಗೆ ನಿಂತು ರಬ್ಬರ್ ಬ್ಯಾಂಡುಗಳನ್ನು ಈಸಿಕೊಳ್ಳುತ್ತಿದ್ದಳು. ಒಂದಕ್ಕೂ ಥ್ಯಾಂಕ್ಸ್ ಹೇಳಲಿಲ್ಲ. ಬದಲಿಗೆ, “ಬೇಗ ಕೊಡು” ಎಂದು ಗದರಿಸಿದಳು. ಅವನ ಮುಖ ಅರಳಿತು. ಏಣಿಯ ಕೊಕ್ಕೆಗೆ ಸುತ್ತಿದ್ದ ನನ್ನ ಕಾಲುಚೀಲವನ್ನು ಮಾತ್ರ ಬಿಚ್ಚದೆ ಬಿಟ್ಟ. “ಇರಲಮ್ಮ, ಇನ್ನೂ ಯಾರಾದ್ರೂ ಹತ್ತಬಹುದು” ಎಂದ ವಾರ್ಡನ್ ಅಮ್ಮನಿಗೆ. ಅವರು ನನ್ನನ್ನು ನೋಡಿ, “ಅದೂ ಸರಿಯೇ” ಎಂದರು.

ಲಾರಿ ಗೇಟು ದಾಟುವಾಗ ನಾದಿನಿ ಮಗಳನ್ನೆತ್ತಿಕೊಂಡಳು. ದೀಪಗಳು ಮಿಣಿಮಿಣಿ ಎಂದವು. ಮೆಣಸು ಅವುಗಳ ಕಡೆ ತಿರುಗಲಿಲ್ಲ. ಕತ್ತು ಮೇಲೆತ್ತಿ, ಕಿಟಕಿಗೆ ಟಾಟಾ ಮಾಡಿದಳು.

ಚಳಿ ಬಲಿತಾಗ ಒಂದು ದಿನ ಅವನಿಗೆ ಫೋನ್ ಮಾಡಿದೆ. ರಸ್ತೆ ಪಕ್ಕ ನಿಲ್ಲಿಸಿಕೊಂಡು ಮಾತಾಡಿದ. ಅವನು ನಿಲ್ಲಿಸದೆ ಮಾತಾಡುವವನಲ್ಲ. ಮಗಳು ದಿನಾ ಫೋನಿನಲ್ಲಿ ಅವನ ಮುಖ ಕೇಳುತ್ತಾಳಂತೆ, ಮೀಸೆ ತೋರಿಸು ಎನ್ನುತ್ತಾಳಂತೆ, ಗೇರು ಹಾಕಿ ತೋರಿಸೆಂದು ಹಠ ಮಾಡುತ್ತಾಳಂತೆ. ನನಗೆ ಒಂದು ಅನುಮಾನ ಉಳಿದಿತ್ತು.

“ಅದು ಸರಿ ಮಾರಾಯ, ಈಗ ಲಾರಿನ ಏನಂತ ಕರೀತಾಳೆ?”

ಹಿಂದೆ ಲಾರಿ ಗುನುಗುವುದು ಕೇಳಿಸುತ್ತಿತ್ತು.

“ಮಾಮ ಅಂತಾಳೆ” ಎಂದ. “ಊಟ ಆಯ್ತಾ ಅಂತ ಮೊದಲು ಅದನ್ನ ಕೇಳ್ತಾಳೆ. ಆಮೇಲೆ ನನ್ನ.”